ನಮ್ಮ ಸದ್ದು ಕೊನೆಯ ಮನೆಗೆ ಹೇಗೆ ಕೇಳಿಸುತ್ತದೆ?

ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಮೀನಿನ ಸ್ಕೂಟರ್‌ನವರು 'ಪೋಂ ಪೋಂ' ಅಂತ ಹಾರ್ನ್ ಹಾಕಿಕೊಂಡು ಬಂದರೆ ನಮ್ಮ ಮನೆಗಳಲ್ಲಿ ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಉಮ್ಮಂದಿರು ಪಾತ್ರೆ ಹಿಡಿದು ಗೇಟಿನ ಹತ್ತಿರ ಬರುತ್ತಾರೆ, "ಇವತ್ತು ಬಂಗುಡೆ ಉಂಟಾ?" ಎಂದು ಕೇಳುತ್ತಾರೆ. ಅಷ್ಟೇ ಜೋರಿನ ಹಾರ್ನನ್ನು ಮಧ್ಯಾಹ್ನ ಎರಡು ಗಂಟೆಗೆ ಯಾವನೋ ಹುಡುಗ ಬೈಕಿನಲ್ಲಿ ಒತ್ತಿಕೊಂಡು ಹೋದರೆ ಅದೇ ಗೇಟಿನಲ್ಲಿ ನಿಂತು ಬೈಯುತ್ತೇವೆ. ಹಾರ್ನ್ ಒಂದೇ, ಕಿವಿಯೂ ಒಂದೇ. ಹಾಗಾದರೆ ಒಂದು ಸದ್ದು ಸುದ್ದಿಯಾಗುವುದು, ಇನ್ನೊಂದು ಬೊಬ್ಬೆಯಾಗುವುದು ಯಾಕೆ?

ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಕೆಲವು ವರ್ಷಗಳಿಂದ ನಮ್ಮ ಊರುಗಳಲ್ಲಿ ನೆರೆಯವರ ನಡುವೆ ಮಾತು ಕೆಡುವುದಕ್ಕೆ, ಠಾಣೆಗೆ ಅರ್ಜಿ ಹೋಗುವುದಕ್ಕೆ ಈ ಸದ್ದೂ ಒಂದು ಕಾರಣವಾಗಿದೆ. ಮಸೀದಿಯ ಮೈಕ್, ಮೆರವಣಿಗೆಯ ಡಿಜೆ, ಮದುವೆ ಹಾಲ್‌ನ ಬಾಕ್ಸ್, ರಾತ್ರಿಯಿಡೀ ನಡೆಯುವ ಕಾರ್ಯಕ್ರಮ, ಹೀಗೆ ಪಟ್ಟಿ ಉದ್ದ ಉಂಟು. ಒಬ್ಬರು "ನಮ್ಮದು ಅಷ್ಟೇನೂ ಜೋರಿಲ್ಲ" ಅನ್ನುತ್ತಾರೆ, ಇನ್ನೊಬ್ಬರು "ತಲೆ ಒಡೆಯುತ್ತದೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬಯಲಿನಲ್ಲಿ ಸದ್ದು ಹೇಗೆ ಸಾಗುತ್ತದೆ, ಮನುಷ್ಯ ಅದನ್ನು ಹೇಗೆ ತೆಗೆದುಕೊಳ್ಳುತ್ತಾನೆ ಎಂದು ಸ್ವಲ್ಪ ತಿಳಿದುಕೊಂಡರೆ ಇಬ್ಬರ ಮಾತೂ ಅರ್ಥವಾಗುತ್ತದೆ.

ಕಿವಿಗೆ ಬೀಳುವುದು, ಮನಸ್ಸಿಗೆ ಬೀಳುವುದು

ಈ ವಿಷಯವನ್ನು ಗಟ್ಟಿಯಾಗಿ ಹಿಡಿದವರು ಕೆನಡಾ ದೇಶದ ಸಂಗೀತ ಸಂಯೋಜಕ ಆರ್. ಮರ್ರೆ ಶೇಫರ್. ಅವರೂ ಸಂಗಡಿಗರೂ ಸೇರಿ ಬೀದಿ, ಬಂದರು, ಹಳ್ಳಿಗಳ ಸದ್ದನ್ನು ರೆಕಾರ್ಡ್ ಮಾಡಿ ಅಧ್ಯಯನ ನಡೆಸಿದರು. 1977ರಲ್ಲಿ ಶೇಫರ್ ಅವರ ಪುಸ್ತಕ ಬಂತು. ಕಣ್ಣಿಗೆ ಒಂದು ನೋಟ ಇರುವ ಹಾಗೆ ಕಿವಿಗೂ ಒಂದು ನೋಟ ಇದೆ ಎಂಬುದು ಅವರ ವಾದ. ಅದಕ್ಕೆ ಅವರು 'ಸೌಂಡ್‌ಸ್ಕೇಪ್' ಎಂಬ ಪದ ಬಳಸಿದರು. ಈಗ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಕೂಡ 2014ರಲ್ಲಿ ಈ ಪದಕ್ಕೆ ವ್ಯಾಖ್ಯೆ ಕೊಟ್ಟಿದೆ. ಯಂತ್ರ ಅಳೆದದ್ದಷ್ಟೇ ಲೆಕ್ಕಕ್ಕೆ ಬರುವುದಿಲ್ಲ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಜನ ಅದನ್ನು ಹೇಗೆ ಅನುಭವಿಸಿದರು, ಏನೆಂದು ತಿಳಿದುಕೊಂಡರು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅದರ ಸಾರಾಂಶ.

ಶೇಫರ್ ಹೊರಗಿನ ಸದ್ದುಗಳಲ್ಲಿ ಮೂರು ಬಗೆ ಹೇಳಿದರು. ಮೊದಲನೆಯದು ಹಿನ್ನೆಲೆಯ ಸದ್ದು. ಅದು ಸದಾ ಇರುತ್ತದೆ, ಆದ್ದರಿಂದಲೇ ಕೇಳಿಸುವುದಿಲ್ಲ. ಉಳ್ಳಾಲ, ಸೋಮೇಶ್ವರದ ಕಡಲ ಬದಿಯವರಿಗೆ ಅಲೆಯ ಸದ್ದು, ಹೆದ್ದಾರಿ 66ರ ಬದಿಯವರಿಗೆ ಲಾರಿಯ ಸದ್ದು, ಮಳೆಗಾಲದಲ್ಲಿ ನಮಗೆಲ್ಲ ಹಂಚಿನ ಮೇಲಿನ ಮಳೆ ಹೀಗೆಯೇ. ಎರಡನೆಯದು ಕರೆಯುವ ಸದ್ದು. ಶಾಲೆಯ ಗಂಟೆ, ಆಂಬುಲೆನ್ಸ್, ಮೀನಿನವರ ಹಾರ್ನ್, ಗುಜರಿ ಗಾಡಿಯ ಕೂಗು, ಅಝಾನ್ ಈ ಸಾಲಿಗೆ ಸೇರುತ್ತವೆ. ಮೂರನೆಯದು ಊರಿನ ಗುರುತಾದ ಸದ್ದು. ನೇತ್ರಾವತಿ ಸೇತುವೆಯ ಮೇಲೆ ರೈಲು ಹೋಗುವ ಸದ್ದು ಕೇಳಿದರೆ, ದೂರ ದೇಶದಿಂದ ಬಂದವನಿಗೆ ಕಣ್ಣು ಮುಚ್ಚಿಕೊಂಡೇ "ಊರು ಬಂತು" ಎಂದು ಗೊತ್ತಾಗುತ್ತದೆ.

ಮಕ್ಕಳಿಂದ ಇದನ್ನು ಪರೀಕ್ಷೆ ಮಾಡಿಸಿ ನೋಡಿದ್ದೇವೆ. ಮದ್ರಸದ ಐದನೇ ತರಗತಿಯವರನ್ನು ಅಂಗಳದಲ್ಲಿ ಕೂರಿಸಿ, ಐದು ನಿಮಿಷ ಮಾತಾಡದೆ ಕೇಳಿದ್ದನ್ನೆಲ್ಲ ಬರೆಯಿರಿ ಎಂದೆವು. ಕಾಗೆ, ಪಕ್ಕದ ಮನೆಯ ಮಿಕ್ಸಿ, ತೆಂಗಿನ ಗರಿ ಬಿದ್ದದ್ದು, ಯಾರೋ ಉಮ್ಮ ಮಗುವನ್ನು ಕರೆದದ್ದು ಎಲ್ಲ ಬಂತು. ಒಬ್ಬಳು "ನಮ್ಮ ಉಪ್ಪನ ಸ್ಕೂಟರ್" ಎಂದೇ ಬರೆದಿದ್ದಳು. ಉಳಿದವರಿಗೆ ಅದು ಬರೇ ಒಂದು ಸ್ಕೂಟರ್. ಹೆದ್ದಾರಿ ಅಲ್ಲಿಂದ ಕೂಗಳತೆಯಲ್ಲಿ ಉಂಟು, ಒಂದೇ ಸಮ ಗಾಡಿಗಳು ಹೋಗುತ್ತಲೇ ಇದ್ದವು. ಹೆದ್ದಾರಿಯನ್ನು ಬರೆದವನು ಒಬ್ಬನೇ. ಅವನು ಆ ತಿಂಗಳಷ್ಟೇ ಒಳನಾಡಿನ ಹಳ್ಳಿಯಿಂದ ನಮ್ಮ ಮೊಹಲ್ಲಾಕ್ಕೆ ಬಂದ ಹುಡುಗ. "ಉಸ್ತಾದ್, ನಿಮಗೆ ಕೇಳ್ತಾ ಇಲ್ವಾ?" ಎಂದು ನಮ್ಮನ್ನೇ ಕೇಳಿದ.

ಆ ಹುಡುಗನ ಪ್ರಶ್ನೆಯಲ್ಲಿ ವಿಷಯ ಇದೆ. ಅಭ್ಯಾಸವಾದ ಸದ್ದು ನಮಗೆ ಕೇಳಿಸುವುದಿಲ್ಲ. ನಮಗೆ ಕೇಳಿಸುವುದಿಲ್ಲ ಎಂಬುದರಿಂದ ಇನ್ನೊಬ್ಬರಿಗೂ ಕೇಳಿಸುವುದಿಲ್ಲ ಎಂದು ಹೇಳುವ ಹಾಗಿಲ್ಲ.

ಅಳತೆ ಒಂದೇ, ಕಿರಿಕಿರಿ ಬೇರೆ

ಯುರೋಪಿನಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ರಸ್ತೆಯ ಸದ್ದು, ರೈಲಿನ ಸದ್ದು ಎರಡೂ ಯಂತ್ರದಲ್ಲಿ ಒಂದೇ ಅಳತೆ ತೋರಿಸಿದರೂ ಜನರಿಗೆ ರೈಲಿನದು ಕಡಿಮೆ ಕಿರಿಕಿರಿ ಅನ್ನಿಸುತ್ತಿತ್ತು. ರೈಲು ಬರುತ್ತದೆ, ಹೋಗುತ್ತದೆ, ಆಮೇಲೆ ಸ್ವಲ್ಪ ಹೊತ್ತು ನಿಶ್ಶಬ್ದ. ರಸ್ತೆಗೆ ಆ ಬಿಡುವು ಇಲ್ಲ. ಜರ್ಮನಿಯಲ್ಲಿ ಬಹಳ ವರ್ಷ ರೈಲಿಗೆ 5 ಡೆಸಿಬಲ್ ರಿಯಾಯಿತಿಯನ್ನೇ ಕೊಟ್ಟಿದ್ದರು. ಮುಂದೆ ಅದನ್ನು ತೆಗೆದರು, ಆ ಮಾತು ಬೇರೆ. ಯಾವಾಗ ಮುಗಿಯುತ್ತದೆ ಎಂದು ಗೊತ್ತಿರುವ ಸದ್ದನ್ನು ಜನ ಸಹಿಸಿಕೊಳ್ಳುತ್ತಾರೆ ಎಂಬುದು ನಮಗೆ ಬೇಕಾದ ಮಾತು.

ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗ ಇನ್ನೂ ಸ್ವಾರಸ್ಯದ್ದು. 1972ರ ಅವರ ಪುಸ್ತಕದಲ್ಲಿ ಅದರ ವಿವರ ಉಂಟು. ಎರಡು ಗುಂಪಿನವರಿಗೆ ಒಂದೇ ರೀತಿಯ ಕರ್ಕಶ ಸದ್ದು ಕೇಳಿಸಿದರು. ಒಂದು ಗುಂಪಿಗೆ ಮಾತ್ರ, ಬೇಕಾದರೆ ಈ ಗುಂಡಿ ಒತ್ತಿ ಸದ್ದು ನಿಲ್ಲಿಸಬಹುದು ಎಂದು ಹೇಳಿದರು. ಹೆಚ್ಚಿನವರು ಗುಂಡಿ ಒತ್ತಲೇ ಇಲ್ಲ. ಆದರೂ ಆಮೇಲೆ ಕೊಟ್ಟ ಕೆಲಸವನ್ನು ಆ ಗುಂಪಿನವರೇ ಹೆಚ್ಚು ತಾಳ್ಮೆಯಿಂದ ಮಾಡಿದರು. ಕಿವಿಗೆ ಬಿದ್ದದ್ದು ಇಬ್ಬರಿಗೂ ಒಂದೇ. ನಿಲ್ಲಿಸುವ ದಾರಿ ತನ್ನ ಕೈಯಲ್ಲಿದೆ ಎಂಬ ಧೈರ್ಯ ಇದ್ದವನಿಗೆ ಅದು ಅಷ್ಟಾಗಿ ತಾಗಲಿಲ್ಲ.

ಪಣಂಬೂರು ಬೀಚ್‌ಗೆ ಸಂಜೆ ಹೋಗಿ ಕುಳಿತವರು "ಎಷ್ಟು ಶಾಂತ ಉಂಟು" ಎನ್ನುತ್ತಾರೆ. ನಿಜಕ್ಕೂ ಅಲ್ಲಿ ಅಲೆಯ ಅಬ್ಬರಕ್ಕೆ ಪಕ್ಕದವನ ಮಾತೂ ಸರಿಯಾಗಿ ಕೇಳುವುದಿಲ್ಲ. ನೀರಿನ ಸದ್ದು ಜೋರಾದರೂ ಮನಸ್ಸಿಗೆ ತಂಪು, ಜೊತೆಗೆ ಬೇರೆ ಸದ್ದನ್ನು ಮುಚ್ಚಿಯೂ ಬಿಡುತ್ತದೆ. ನ್ಯೂಯಾರ್ಕ್ ನಗರದ ನಡುವೆ 1967ರಲ್ಲಿ ತೆರೆದ ಪೇಲಿ ಪಾರ್ಕ್ ಎಂಬ ಪುಟ್ಟ ಉದ್ಯಾನದಲ್ಲಿ ಗೋಡೆಯಿಂದ ನೀರು ಬೀಳುವ ಹಾಗೆ ಮಾಡಿದ್ದಾರೆ. ಆ ನೀರಿನ ಸದ್ದಿನಲ್ಲಿ ಹೊರಗಿನ ವಾಹನಗಳ ಗಲಾಟೆ ಮರೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು, ಸದ್ದು ಮಾಡುವವನ ಮೇಲೆ ನಮಗೆ ಇರುವ ಅಭಿಪ್ರಾಯ. ಆತನ ಮೇಲೆ ಒಳ್ಳೆಯ ಭಾವನೆ ಇದ್ದರೆ, ಅವನಿಗೆ ನಮ್ಮ ಬಗ್ಗೆ ಕಾಳಜಿ ಉಂಟು ಎಂದು ತಿಳಿದಿದ್ದರೆ, ಅದೇ ಸದ್ದು ಕಡಿಮೆ ತೊಂದರೆ ಕೊಡುತ್ತದೆ ಎಂದು ಈ ವಿಷಯದ ಸಂಶೋಧಕರು ಹೇಳುತ್ತಾರೆ. ನಮಗೆ ಇದಕ್ಕೆ ಸಂಶೋಧನೆ ಬೇಕಿಲ್ಲ. ಪಕ್ಕದ ಮನೆಯವರ ಜೊತೆ ಮಾತು ಇರುವಾಗ ಅವರ ಮನೆಯ ಮದುವೆಯ ಹಾಡು ಸಂಭ್ರಮ. ಮಾತು ಬಿಟ್ಟ ವರ್ಷ ಅವರ ಕೋಳಿ ಕೂಗಿದರೂ ರಗಳೆ. ನಮ್ಮ ಕರಾವಳಿಯಲ್ಲಿ ಈಗ ನಡೆಯುತ್ತಿರುವುದು ಸುಮಾರಿಗೆ ಇದೇ. ಎರಡು ಕಡೆಯೂ ಮೈಕ್ ಮೊದಲೂ ಇತ್ತು. ನಡುವಿನ ಸಂಬಂಧ ತೆಳುವಾದ ಹಾಗೆ ಸದ್ದು ದಪ್ಪವಾಯಿತು.

ಡೆಸಿಬಲ್ ಎಂಬ ಲೆಕ್ಕ

ಹಾಗಂತ ಎಲ್ಲವೂ ಮನಸ್ಸಿನದ್ದು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಅಳತೆಯೂ ಮುಖ್ಯ. ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಎದುರು ಬದುರು ಕುಳಿತು ಮಾತಾಡುವುದು ಸುಮಾರು 60 ಡೆಸಿಬಲ್. ಇದರ ಲೆಕ್ಕ ಮಾಮೂಲಿ ಕೂಡುವ ಲೆಕ್ಕದ ಹಾಗಲ್ಲ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟು ಆದ ಹಾಗೆಲ್ಲ 6 ಡೆಸಿಬಲ್ ಇಳಿಯುತ್ತದೆ.

ಈ ಲೆಕ್ಕವನ್ನು ಅಝಾನ್‌ಗೆ ಹಾಕಿ ನೋಡೋಣ. ಮದೀನಾದಲ್ಲಿ ಅಝಾನ್ ಶುರುವಾದಾಗ ಆ ಕೆಲಸ ಬಿಲಾಲ್ (ರ) ಅವರಿಗೆ ಸಿಕ್ಕಿದ್ದು ಅವರ ಕಂಠದ ಕಾರಣಕ್ಕೆ. ಮಸೀದಿಯ ಹತ್ತಿರದ ಒಂದು ಎತ್ತರದ ಮನೆಯ ಮಾಳಿಗೆ ಏರಿ ಅವರು ಕರೆಯುತ್ತಿದ್ದರು ಎಂದು ಹದೀಸ್‌ನಲ್ಲಿದೆ. ಎತ್ತರದಿಂದ ಕರೆದರೆ ಮನೆಗಳ ಗೋಡೆ ಅಡ್ಡ ಬರುವುದಿಲ್ಲ. ಮಿನಾರದ ಉಪಯೋಗವೂ ಇದೇ. ಗಟ್ಟಿ ಕಂಠದವರ ಕರೆ ಒಂದು ಮೀಟರ್ ದೂರದಲ್ಲಿ 90 ಡೆಸಿಬಲ್ ಎಂದು ಇಟ್ಟುಕೊಂಡರೆ 64 ಮೀಟರ್ ದೂರಕ್ಕೆ ಅದು 54 ಡೆಸಿಬಲ್ ಆಗುತ್ತದೆ. ವಾಹನ, ಯಂತ್ರ ಇಲ್ಲದ ಕಾಲದಲ್ಲಿ ಅದರಾಚೆಗೂ ಚೆನ್ನಾಗಿ ಕೇಳುತ್ತಿತ್ತು.

ಈಗ ನಮ್ಮ ಹಾರ್ನ್ ಸ್ಪೀಕರ್ ನೋಡಿ. ಒಂದು ಮೀಟರ್‌ನಲ್ಲಿ 120 ಡೆಸಿಬಲ್ ಕೊಡುವುದು ಅದಕ್ಕೆ ಕಷ್ಟವಲ್ಲ. 64 ಮೀಟರ್‌ಗೆ ಅದು 84, 128 ಮೀಟರ್‌ಗೆ 78, ಅರ್ಧ ಕಿಲೋಮೀಟರ್ ದೂರಕ್ಕೂ ಸುಮಾರು 66. ಅಂದರೆ ಸ್ಪೀಕರ್ ಮುಖ ಮಾಡಿದ ದಿಕ್ಕಿನಲ್ಲಿ, ಅಡ್ಡ ಏನೂ ಇಲ್ಲದಿದ್ದರೆ, ಅರ್ಧ ಕಿಲೋಮೀಟರ್ ಆಚೆಯ ಮನೆಯ ಅಂಗಳದಲ್ಲೂ ಅದು ಎದುರು ಕುಳಿತವನ ಮಾತಿಗಿಂತ ಜೋರು. ಡಿಜೆ ಬಾಕ್ಸ್‌ಗಳ ಮಾತು ಇನ್ನೂ ಮುಂದಿನದು. ಅದರ ದಪ್ಪ ಸ್ವರ ಗೋಡೆ ದಾಟಿ ಒಳಗೆ ಬರುತ್ತದೆ.

ಮಸೀದಿಯ ಒಳಗೆ ನಿಂತವರಿಗೆ ಇದು ಗೊತ್ತೇ ಆಗುವುದಿಲ್ಲ. ಸ್ಪೀಕರ್ ಮಾಡಿನ ಮೇಲೆ, ಹೊರಗೆ ಮುಖ ಮಾಡಿ ಇರುತ್ತದೆ. ನಾಬ್ ತಿರುಗಿಸುವವರು ಅದರ ಕೆಳಗೆ, ಗೋಡೆಯ ಒಳಗೆ ಇರುತ್ತಾರೆ.

ಸುಬ್ಹಿಯ ಹೊತ್ತಿಗೆ ಸದ್ದು ದೂರ ಹೋಗುವುದು ಯಾಕೆ?

ಹಗಲು ಕೇಳದ ರೈಲಿನ ಸದ್ದು ನಸುಕಿನಲ್ಲಿ ಮನೆ ಹಿಂದೆಯೇ ಹೋದ ಹಾಗೆ ಕೇಳುತ್ತದೆ. ಹಗಲು ನೆಲ ಬಿಸಿಯಾಗಿ, ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು ಇರುತ್ತದೆ. ಆಗ ಸದ್ದು ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತದೆ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಕಳೆದು ನಸುಕಾಗುವಾಗ ಇದು ಉಲ್ಟಾ. ನೆಲದ ಹತ್ತಿರ ತಂಪು, ಮೇಲೆ ಸ್ವಲ್ಪ ಬೆಚ್ಚಗೆ. ಆಗ ಸದ್ದು ಕೆಳಕ್ಕೆ ಬಾಗಿ ದೂರದ ಮನೆಯ ಮೇಲೆ ಇಳಿಯುತ್ತದೆ. ಮೇಲಾಗಿ ಆ ಹೊತ್ತಿಗೆ ಹಿನ್ನೆಲೆಯ ಗದ್ದಲವೂ ಇಲ್ಲ.

ಗಾಳಿಯ ದಿಕ್ಕೂ ಸೇರುತ್ತದೆ. ನಮ್ಮಲ್ಲಿ ಹಗಲು ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಗಾಳಿ ಬೀಸುವುದು ವಾಡಿಕೆ. ಹಾಗಾಗಿ ಅಸರ್ ಹೊತ್ತಿಗೆ ಮಸೀದಿಯ ಪೂರ್ವದ ಮನೆಗಳಿಗೆ ಚೆನ್ನಾಗಿ ಕೇಳಿದ್ದು, ನಸುಕಿನಲ್ಲಿ ಪಶ್ಚಿಮದ ಮನೆಗಳಿಗೆ ಹೆಚ್ಚು ಕೇಳಬಹುದು. ಹಗಲು ಹೊತ್ತು ಲುಹರ್‌ಗೆ ಇಟ್ಟ ವಾಲ್ಯೂಮ್ ಬೇರೆ ಹೊತ್ತಿಗೆ, ಬೇರೆ ಮನೆಗೆ ಬೇರೆಯೇ ಆಗುತ್ತದೆ.

ಎರಡು ಮೈಕ್ ಸೇರಿದರೆ

ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ಒಂದು ಸ್ಪೀಕರ್‌ನ ಹತ್ತಿರ ಇದ್ದು, ಅದೇ ಮಾತು ಬರುವ ಇನ್ನೊಂದು ಸ್ಪೀಕರ್ 170 ಮೀಟರ್ ಆಚೆ ಇದ್ದರೆ, ಅದರ ಮಾತು ಅರ್ಧ ಸೆಕೆಂಡ್ ತಡವಾಗಿ ಬರುತ್ತದೆ. ಒಂದು ಪದದ ಮೇಲೆ ಅದರ ಹಿಂದಿನ ಪದ ಬಂದು ಕೂರುತ್ತದೆ. ಮತಪ್ರಭಾಷಣದ ರಾತ್ರಿ ರಸ್ತೆಯುದ್ದಕ್ಕೂ ಕಟ್ಟಿದ ಸ್ಪೀಕರ್‌ಗಳ ನಡುವೆ ನಡೆದವರಿಗೆ ಇದು ಗೊತ್ತು: ಸ್ವರ ಜೋರು ಉಂಟು, ಉಸ್ತಾದ್ ಏನು ಹೇಳಿದರು ಎಂದು ಮಾತ್ರ ತಿಳಿಯುವುದಿಲ್ಲ. ಆಗ ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಗೋಜಲು ಹಾಗೆಯೇ ಉಳಿಯುತ್ತದೆ. ಕೇಳಬೇಕಾದವನಿಗೆ ಉಪದೇಶ ತಲುಪಲಿಲ್ಲ, ಮಲಗಬೇಕಾದವನಿಗೆ ನಿದ್ದೆ ಬರಲಿಲ್ಲ. ಇದರಲ್ಲಿ ಯಾರಿಗೆ ಲಾಭ?

ಹತ್ತಿರ ಹತ್ತಿರದ ಎರಡು ಮೂರು ಮಸೀದಿಗಳಲ್ಲಿ ಕೆಲವು ಸೆಕೆಂಡ್ ಅಂತರದಲ್ಲಿ ಅಝಾನ್ ಶುರುವಾದಾಗಲೂ ಇದೇ ಆಗುತ್ತದೆ. ಉತ್ತರ ಹೇಳುತ್ತಾ ಕೇಳಬೇಕಾದ ಕರೆ ಯಾವುದು ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ.

ನಿಯಮ ಏನು ಹೇಳುತ್ತದೆ?

ದೇಶದಲ್ಲಿ 2000ನೇ ಇಸವಿಯಿಂದ ಶಬ್ದ ಮಾಲಿನ್ಯ ನಿಯಮಗಳು ಜಾರಿಯಲ್ಲಿವೆ. ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6ರ ತನಕ. ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಮನೆಗಳ ನಡುವಿನ ಮಸೀದಿಗೆ, ದೇವಸ್ಥಾನಕ್ಕೆ, ಚರ್ಚ್‌ಗೆ, ಹಾಲ್‌ಗೆ ಹಗಲು 65 ಎಂದಾಯಿತು. ವರ್ಷಕ್ಕೆ ಗರಿಷ್ಠ 15 ದಿನ, ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾತ್ರಿ 10ರಿಂದ 12ರ ತನಕ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕೆ ಉಂಟು.

ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಈ ನಿಯಮಗಳನ್ನು ಎತ್ತಿಹಿಡಿದು, ಇಷ್ಟವಿಲ್ಲದ ಸದ್ದನ್ನು ಕೇಳಲೇಬೇಕೆಂದು ಯಾರನ್ನೂ ಬಲವಂತ ಮಾಡುವ ಹಾಗಿಲ್ಲ ಎಂಬ ನಿಲುವು ತಳೆಯಿತು. 2022ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಅನುಮತಿ ಪಡೆಯಬೇಕೆಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಝಾನ್‌ನ ಮಾತುಗಳ ಮೇಲೆ ಆಕ್ಷೇಪ ಎತ್ತಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಶಬ್ದದ ನಿಯಮ ಪಾಲನೆಯಾಗಲಿ ಎಂದಿತು. ಅಂದರೆ ಕರೆಗೆ ತಡೆ ಇಲ್ಲ, ಜೋರಿಗೆ ಮಿತಿ ಉಂಟು. ಈ ವ್ಯತ್ಯಾಸವನ್ನು ನಾವೂ ನೆನಪಿಟ್ಟುಕೊಳ್ಳಬೇಕು, ನಮ್ಮ ಮೇಲೆ ದೂರು ಕೊಡುವವರೂ ನೆನಪಿಟ್ಟುಕೊಳ್ಳಬೇಕು. ಈ ಮಿತಿ ಡಿಜೆಗೂ ಅಷ್ಟೇ ಅನ್ವಯ.

ರಾತ್ರಿಗೆ ಬೇರೆ ಮಿತಿ ಇಟ್ಟದ್ದಕ್ಕೆ ಕಾರಣ ಉಂಟು. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ಮಲಗಿದಾಗಲೂ ಕಿವಿ ಕೆಲಸ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2009ರಲ್ಲಿ ರಾತ್ರಿ ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬಲ್ ಮೀರದಿದ್ದರೆ ಒಳ್ಳೆಯದು ಎಂದು ಹೇಳಿತು. ನಮ್ಮ ಮೊಹಲ್ಲಾದಲ್ಲೇ ಡಯಾಲಿಸಿಸ್ ಮಾಡಿಸಿಕೊಂಡು ಬಂದು ಮಲಗಿದ ಅಜ್ಜ ಇರಬಹುದು, ಹದಿನೈದು ದಿನದ ಬಾಣಂತಿ ಇರಬಹುದು, ಎಸೆಸೆಲ್ಸಿ ಓದುವ ಹುಡುಗಿ ಇರಬಹುದು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಇರಬಹುದು. ಅವರು ನಮ್ಮವರೇ ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. "ಮಸೀದಿಯ ಮೈಕ್‌ಗೆ ಏನು ಹೇಳುವುದು?" ಎಂದು ಸುಮ್ಮನಿರುತ್ತಾರೆ. ಸುಮ್ಮನಿದ್ದಾರೆ ಎಂದರೆ ತೊಂದರೆ ಇಲ್ಲ ಎಂದಲ್ಲ.

ನಮ್ಮ ದೀನ್‌ನಲ್ಲಿ ಇದಕ್ಕೆ ದಾರಿ ಮೊದಲೇ ಇದೆ. ಮಸೀದಿಯಲ್ಲಿ ಇಅ್‌ತಿಕಾಫ್ ಇದ್ದಾಗ ಜನ ಜೋರಾಗಿ ಓದುವುದು ಕೇಳಿ ಪ್ರವಾದಿ (ಸ.ಅ.) ಅವರು, ಒಬ್ಬರು ಇನ್ನೊಬ್ಬರಿಗೆ ತೊಂದರೆಯಾಗುವ ಹಾಗೆ ಸ್ವರ ಏರಿಸಬಾರದು ಎಂದು ತಿಳಿಹೇಳಿದ್ದರು. ಅದು ಕುರ್‌ಆನ್ ಓದುವ ಸ್ವರ, ಕೇಳುವವರು ಕೂಡ ನಮಾಝಿಗಳೇ. ಹಾಗಿರುವಾಗ ಗೋಡೆಯಾಚೆಯ ನೆರೆಯವರ ಹಕ್ಕು ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ.

ಜಮಾಅತ್‌ಗಳು ಮಾಡಬಹುದಾದದ್ದು

ದೊಡ್ಡ ಖರ್ಚಿನ ಕೆಲಸ ಏನೂ ಇಲ್ಲ.

ಮೊದಲು, ಕಮಿಟಿಯ ಇಬ್ಬರು ಕೊನೆಯ ಮನೆಯ ಅಂಗಳಕ್ಕೆ ಹೋಗಿ ನಿಂತು ಕೇಳಬೇಕು. ಒಮ್ಮೆ ಲುಹರ್‌ಗೆ, ಒಮ್ಮೆ ಇಶಾಕ್ಕೆ. ಆ ಮನೆ ಯಾವ ಧರ್ಮದವರದ್ದಾದರೂ ಸರಿ, ಹೇಳಿಯೇ ಹೋಗಬೇಕು. "ನಮ್ಮ ಮೈಕ್ ನಿಮಗೆ ಹೇಗೆ ಕೇಳುತ್ತದೆ?" ಎಂದು ನಾವಾಗಿ ಕೇಳಿದರೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮೊಬೈಲ್‌ನಲ್ಲಿ ಡೆಸಿಬಲ್ ತೋರಿಸುವ ಆ್ಯಪ್ ಸಿಗುತ್ತದೆ. ಅದು ಕೋರ್ಟಿಗೆ ಆಗುವಷ್ಟು ನಿಖರ ಅಲ್ಲ, ಅಂದಾಜಿಗೆ ಸಾಕು.

ಎರಡನೆಯದಾಗಿ, ನಾಬ್. 10 ಡೆಸಿಬಲ್ ಇಳಿಸಿದರೆ ಕಿವಿಗೆ ಅರ್ಧದಷ್ಟು ಜೋರು ಕಡಿಮೆ ಅನ್ನಿಸುತ್ತದೆ. 30 ವಾಟ್ ಬದಲು 3 ವಾಟ್‌ನಲ್ಲಿ ಕೆಲಸ ನಡೆಯುತ್ತದೆ. ಸರಿಯಾದ ಮಟ್ಟ ಸಿಕ್ಕಿದ ಮೇಲೆ ಆಂಪ್ಲಿಫೈಯರ್ ಮೇಲೆ ಪೇಂಟ್‌ನಲ್ಲಿ ಒಂದು ಗೆರೆ ಹಾಕಿಡಿ. ಮುಅಝ್ಝಿನ್ ಬದಲಾದರೂ ಗೆರೆ ಬದಲಾಗುವುದಿಲ್ಲ.

ಮೂರನೆಯದಾಗಿ, ಸ್ಪೀಕರ್‌ನ ಮುಖ. ನಾಲ್ಕು ದಿಕ್ಕಿಗೆ ಆಕಾಶ ನೋಡುವ ಸ್ಪೀಕರ್ ಬದಲು ನಮ್ಮ ಮನೆಗಳ ಕಡೆಗೆ ಕೆಳಮುಖವಾಗಿ ಸಣ್ಣ ಸ್ಪೀಕರ್ ಸಾಕು. ಮತಪ್ರಭಾಷಣ, ಮಜ್ಲಿಸ್‌ಗಳಿಗೆ ಸಭೆಯೊಳಗೆ ಮಾತ್ರ ಕೇಳುವ ಬಾಕ್ಸ್ ಇಟ್ಟರೆ ಉಸ್ತಾದರ ಮಾತೂ ಸ್ಪಷ್ಟ. ಸುಬ್ಹಿಗೆ ಹೊರಗಿನ ಮೈಕ್ ನಿಲ್ಲಿಸಿ ಒಳಗಿನ ಮೈಕ್‌ನಲ್ಲಿ ಅಝಾನ್ ಕೊಡುವ ಜಮಾಅತ್‌ಗಳೂ ಈಗ ಇವೆ. ಏಳುವವರು ಮೊಬೈಲ್ ಅಲಾರಂನಲ್ಲಿ ಏಳುತ್ತಿದ್ದಾರೆ.

ನಾಲ್ಕನೆಯದು, ಗ್ಲಾಸ್ ಮತ್ತು ಸಿಂಗರ್ ಅವರ ಗುಂಡಿ. ಉರೂಸ್, ಮೀಲಾದ್ ಕಾರ್ಯಕ್ರಮದ ನೋಟಿಸ್‌ನಲ್ಲಿ ಶುರುವಾಗುವ ಹೊತ್ತು ಮಾತ್ರ ಹಾಕುವುದು ನಮ್ಮ ರೂಢಿ. ಮೈಕ್ ಬಂದ್ ಆಗುವ ಹೊತ್ತನ್ನೂ ಹಾಕಿ. "ತೊಂದರೆಯಾದರೆ ಈ ನಂಬರ್‌ಗೆ ಕರೆ ಮಾಡಿ" ಎಂದು ಕಾರ್ಯದರ್ಶಿಯ ಮೊಬೈಲ್ ನಂಬರ್ ಹಾಕಿ, ಆ ನೋಟಿಸನ್ನು ಸುತ್ತಲಿನ ಎಲ್ಲ ಮನೆಗೆ ಕೊಡಿ. ಕರೆ ಮಾಡುವವರು ಕಡಿಮೆ. ಕರೆ ಮಾಡಬಹುದು ಎಂಬ ಧೈರ್ಯವೇ ಅವರಿಗೆ ದೊಡ್ಡದು. ಕರೆ ಬಂದರೆ ಮಾತ್ರ ಇಳಿಸಲೇಬೇಕು.

ಇಷ್ಟು ಮಾಡಿದ ಜಮಾಅತ್‌ಗೆ ಇನ್ನೊಂದು ಬಲ ಬರುತ್ತದೆ. ನಾಳೆ ನಮ್ಮ ಮಸೀದಿಯ ಮುಂದೆ, ನಮ್ಮ ರೋಗಿಯ ಮನೆಯ ಮುಂದೆ ಯಾರದ್ದೋ ಡಿಜೆ ನಿಂತರೆ, "ಸ್ವಲ್ಪ ಇಳಿಸಿ ಮಾರಾಯ್ರೆ" ಎಂದು ಕೇಳುವ ಮುಖ ನಮಗೆ ಇರುತ್ತದೆ.

ಜಮಾಅತ್‌ನ ಮುಂದಿನ ಮಹಾಸಭೆಯ ಪಟ್ಟಿಯಲ್ಲಿ ಲೆಕ್ಕಪತ್ರ, ವಂತಿಗೆ, ಮದ್ರಸದ ಮಾಡಿನ ದುರಸ್ತಿಯ ಜೊತೆಗೆ 'ಮೈಕ್' ಎಂದು ಒಂದು ಸಾಲು ಸೇರಿಸಿ. ಸಭೆಗೆ ಮೊದಲು ಕೊನೆಯ ಮನೆಗೆ ಹೋಗಿ ಬಂದ ಇಬ್ಬರು ತಾವು ಕೇಳಿದ್ದನ್ನು ಅಲ್ಲಿ ಹೇಳಲಿ.